ಭಟ್ಟರು ಉಣ್ಣದ ಸಾಂಬಾರು

ಮದುವೆ ಅಡಿಗೆಯ ಶೇಷಗಿರಿ ಭಟ್ಟರಿಗೆ ತಿಂಗಳ ನಂತರ ಒಂದು ದಿನ ಬಿಡುವು ಸಿಕ್ಕಿತು. ಹೊಸನಗರದಿಂದ ಕೋಣಂದೂರಿಗೆ ಹೊರಟ ಬೆಳಗಿನ ಬಸ್ಸಿನಲ್ಲಿ ಕೂತು, ಆ ದಿನ ಮನೆಯಲ್ಲಿ ಏನೇನು ತಿನ್ನಬೇಕೆಂದು ನಿಶ್ಚಯಿಸಿದರು. ಹೋದಕೂಡಲೇ ಹೆಂಡತಿ ಎರೆದ ಬಿಸಿ ತೆಳ್ಳೇವು ದೋಸೆ, ಜೋನಿಬೆಲ್ಲ. ಮಧ್ಯಾಹ್ನ ಅನ್ನ, ಒಂದೆಲಗದ ತಂಬುಳಿ, ಬೇರೇನೂ ಬೇಡ. ರಾತ್ರಿ ಗಂಜಿ, ಮಿಡಿ ಉಪ್ಪಿನಕಾಯಿ.

ಕಾಲಬುಡದಲ್ಲಿ ಸ್ಟೀಲ್ ಡಬ್ಬಿಗಳಿದ್ದವು. ಉಳಿದ ಅಡಿಗೆಯನ್ನು ಭಟ್ಟರ ಮನೆಗೆ ಕಟ್ಟಿಕೊಡುವುದು ವಾಡಿಕೆ. ಬೇರೆ ದಿನಗಳಲ್ಲಾದರೆ ಡಬ್ಬಿ ಬಸ್ಸಿನಲ್ಲಿ ಮನೆಗೆ ಹೋಗುತ್ತಿತ್ತು, ಭಟ್ಟರು ಮುಂದಿನ ಮದುವೆಗೆ.

ಮನೆಯಲ್ಲಿ ಒಲೆ ತಣ್ಣಗಿತ್ತು.

"ಹೆಂಗೂ ಮದುವೆಮನೆ ಅಡಿಗೆ ಬತ್ತು ಹೇಳಿ ಎಂತದೂ ಮಾಡಿದ್ನಿಲ್ಲೆ," ಎಂದು ಹೆಂಡತಿ ವರದಾ ಡಬ್ಬಿ ತೆಗೆದುಕೊಂಡರು. ಸಾಂಬಾರು ಕುದಿಸಿ, ಅನ್ನದ ಮೇಲೆ ಬಡಿಸಿದರು.

ಮದುವೆಮನೆಯಲ್ಲಿ ದೇವರ ನೈವೇದ್ಯಕ್ಕೆ ಮೊದಲು ಅಡಿಗೆಯ ರುಚಿ ನೋಡುವಂತಿಲ್ಲ. ಆಮೇಲೆ, ಹೊಗೆ ಕುಡಿದ ಹೊಟ್ಟೆಗೆ ಮೊಸರನ್ನ ಬಿಟ್ಟು ಏನೂ ಸೇರುವುದಿಲ್ಲ. ಹೀಗಾಗಿ ಇಪ್ಪತ್ತೆರಡು ವರ್ಷಗಳಲ್ಲಿ ಭಟ್ಟರು ತಾವು ಮಾಡಿದ ಸಾಂಬಾರನ್ನು ಉಂಡದ್ದು ಇದೇ ಮೊದಲು.

"ಉಪ್ಪು ಜಾಸ್ತಿ ಆಜು," ಎಂದರು.

"ಯಾವಾಗ್ಲೂ ಇಷ್ಟೇ ಇರ್ತು," ಎಂದು ವರದಾ ಇನ್ನೊಂದು ಸೌಟು ಬಡಿಸಿದರು.