ನುಸಿಗುಳಿಗೆ ಹಾಕಿ ಕಟ್ಟಿಟ್ಟ ಕತ್ತೆ

ಸಾಕಿದ ಪ್ರಾಣಿ ಸತ್ತರೆ ಅಯ್ಯೋ ಎನ್ನುವುದಕ್ಕೆ ಹತ್ತು ಜನ ಬರುತ್ತಾರೆ, ಎತ್ತುವುದಕ್ಕೆ ಒಬ್ಬನೂ ಬರುವುದಿಲ್ಲ. ಲಾಂಡ್ರಿಯವನ ಕತ್ತೆ ಸತ್ತಾಗಲೂ ಹಾಗೇ ಆಯಿತು.

ಅದಕ್ಕೆ ವಯಸ್ಸಾಗಿತ್ತು. ಲಾಡ್ಜಿನ ಹಾಸು, ಹೊದಿಕೆಗಳ ಗಂಟು ಹೊತ್ತೂ ಹೊತ್ತೂ ಬೆನ್ನು ಬಾಗಿತ್ತು. ಲಾಂಡ್ರಿಯವನು ಅದನ್ನು ‘ತಮ್ಮ’ ಎಂದೇ ಕರೆಯುತ್ತಿದ್ದ. ಹಾಗಾಗಿ ಅವನ ಹೆಂಡತಿ ಅದನ್ನು ‘ನನ್ನ ಮೈದುನ’ ಎಂದು ಆಡಿಕೊಳ್ಳುತ್ತಿದ್ದಳು.

“ಊರಾಚೆ ಬಯಲಿಗೆ ಹಾಕಿಬಿಡೋಣ. ಎಲ್ಲರೂ ಅಲ್ಲೇ ಹಾಕೋದು,” ಎಂದಳು ಹೆಂಡತಿ.

“ಕಾಗೆ ಬಾಯಿಗಾ? ನನ್ನ ತಮ್ಮನ್ನಾ? ನನ್ನ ಹೆಣ ಬಿದ್ರೂ ಬಿಡಲ್ಲ!”

“ಹಾಗಾದ್ರೆ ಎರಡು ಹೆಣ ಎತ್ತಬೇಕಾಗುತ್ತೆ.”

ಕಾಗೆ ಕಂಡರೆ ಅವನಿಗೆ ಮೈಯೆಲ್ಲ ಉರಿ. ಒಗೆದು, ನೀಲಿ ಹಾಕಿ, ತಂತಿಯ ಮೇಲೆ ಹರವಿದ ಬಿಳಿ ಹಾಸಿನ ನಡುಮಧ್ಯಕ್ಕೇ ಅವು ಗುರಿಯಿಟ್ಟು ಹಿಕ್ಕೆ ಹಾಕುತ್ತಿದ್ದವು. ಅಂಥ ಕಾಗೆಯ ಬಾಯಿಗೆ ತಮ್ಮನನ್ನು ಹಾಕುವುದೆಂದರೆ!

ಅವನಿಗೆ ತಿಳಿದಿದ್ದು ಅವನ ಕಸುಬೊಂದೇ. ಗಿರಾಕಿಗಳ ಉಣ್ಣೆ ಕೋಟನ್ನು ಹುಳ ಬೀಳದಂತೆ ಹೇಗೆ ಕಟ್ಟಿಡುತ್ತಿದ್ದನೋ, ಕತ್ತೆಯನ್ನೂ ಹಾಗೇ ಕಟ್ಟಿದ. ಮೈ ತೊಳೆದ, ಒರೆಸಿದ, ಸುತ್ತಲೂ ಹಿಡಿ ಹಿಡಿ ನುಸಿಗುಳಿಗೆ ಸುರಿದ, ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಹಗ್ಗ ಬಿಗಿದ. ಇಸ್ತ್ರಿ ಕೋಣೆಯ ಹಿಂದಿನ ಚಪ್ಪರದಲ್ಲಿ ಇಟ್ಟ. ಇನ್ನು ಕಾಗೆಯೂ ಇಲ್ಲ, ಹುಳವೂ ಇಲ್ಲ ಎಂದು ನೆಮ್ಮದಿಯಾಗಿ ಮಲಗಿದ.

ಹುಚ್ಚು ಮನುಷ್ಯ! ಕೋಟು ಸುಮ್ಮನಿರುತ್ತದೆ, ಕತ್ತೆ ಸುಮ್ಮನಿರುತ್ತದೆಯೇ? ಗಂಟು ಊದಿತು. ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು. ಮೂರನೆಯ ದಿನ ಲಾಡ್ಜಿನ ಮ್ಯಾನೇಜರು ಹಾಸುಗಳ ಗಂಟನ್ನು ತಂದು ಬಾಗಿಲಲ್ಲೇ ದೊಪ್ಪನೆ ಹಾಕಿದ.

“ಏನಯ್ಯಾ ಇದು? ಬಂದವರು ಮಲಗೋದು ಬಿಟ್ಟು ಮಂಚದ ಕೆಳಗೆ ಹೆಣ ಹುಡುಕ್ತಿದ್ದಾರೆ! ನಾಳೆಯೊಳಗೆ ವಾಸನೆ ಹೋಗದಿದ್ರೆ ಬೇರೆ ಲಾಂಡ್ರಿ ನೋಡ್ಕೋತೀನಿ.”

ಆ ಲಾಡ್ಜಿನಿಂದಲೇ ಮನೆಯ ಒಲೆ ಉರಿಯುತ್ತಿತ್ತು. ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಕೂಗಿದಳು: “ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಅಂತಾರೆ. ನಿಮ್ಮ ಕತ್ತೆ ಪರಿಮಳ ಮಾತ್ರ ಇಡೀ ಊರಿಗೆ ಗೊತ್ತಾಯ್ತು!” ಕೂಗಿದವಳು ತನ್ನ ತಂಗಿಗೆ ಹೇಳಿ ಕಳಿಸಿದಳು. ತಂಗಿಗೆ ದನದ ಆಸ್ಪತ್ರೆಯಲ್ಲಿ ಕೆಲಸ.

ಅವಳು ಬಂದು ಗಂಟನ್ನು ನೋಡಿ ಹಣೆ ಚಚ್ಚಿಕೊಂಡಳು. “ಭಾವಾ, ಕತ್ತೆನ ಉಪ್ಪಿನಕಾಯಿ ಹಾಕಿದ್ದೀರಾ?”

“ಹುಳ ಬೀಳಬಾರದು ಅಂತಮ್ಮಾ...”

“ಬೀಳಲೇಬೇಕು! ಹುಳ ಬೀಳದಿದ್ರೆ ಇವತ್ತಿನವರೆಗೆ ಸತ್ತ ಪ್ರಾಣಿಗಳೆಲ್ಲ ಬಿದ್ದಲ್ಲೇ ಬಿದ್ದಿರ್ತಿದ್ವು. ನಿಮಗೆ ಬಟ್ಟೆ ಒಣಗಿಸೋಕೆ ಜಾಗ ಎಲ್ಲಿರ್ತಿತ್ತು?”

“ಅದಕ್ಕೇಂತ ಕಾಗೆ ಕುಕ್ಕಬೇಕಾ?”

“ನಿಮ್ಮ ಲಾಂಡ್ರೀಲಿ ಒಬ್ಬರು ನೆನೆಸ್ತೀರಿ, ಒಬ್ಬರು ಒಗೀತೀರಿ, ಒಬ್ಬರು ಇಸ್ತ್ರಿ ಮಾಡ್ತೀರಿ ಅಲ್ವಾ? ಅಲ್ಲೂ ಹಾಗೇ. ಹದ್ದು, ಕಾಗೆ, ನರಿ ಮಾಂಸ ತೆಗೀತಾವೆ. ನೊಣದ ಮರಿಹುಳ ಮೆತ್ತಗಿರೋದನ್ನ ತಿನ್ನುತ್ತೆ. ಜೀರುಂಡೆ ಒಣಗಿದ ಚರ್ಮ ಕೆರೆಯುತ್ತೆ. ಉಳಿದಿದ್ದನ್ನ ಕಣ್ಣಿಗೆ ಕಾಣದ ಜೀವಿಗಳು ಕರಗಿಸಿ ಮಣ್ಣಿಗೆ ಕೊಡ್ತಾವೆ. ನೀವು ಪ್ಲಾಸ್ಟಿಕ್ ಸುತ್ತಿ ಅಷ್ಟೂ ಜನರ ಕೆಲಸ ನಿಲ್ಲಿಸಿದ್ರಿ. ಕೊಳೆಯೋದು ನಿಲ್ಲಲಿಲ್ಲ, ಗಾಳಿಯಿಲ್ಲದೆ ಇನ್ನೂ ಕೆಟ್ಟದಾಗಿ ಕೊಳೀತು, ಅಷ್ಟೇ.”

ಲಾಂಡ್ರಿಯವನು ತಲೆ ಕೆರೆದುಕೊಂಡ. “ಬಯಲಿಗೆ ಹಾಕಿದ್ರೆ ಊರಿಗೆ ರೋಗ ಬರಲ್ವಾ?”

“ಒಳ್ಳೇ ಪ್ರಶ್ನೆ. ರೋಗದಿಂದಲೋ, ಇದ್ದಕ್ಕಿದ್ದಂತೆಯೋ ಸತ್ತಿದ್ರೆ ಮುಟ್ಟಲೂಬಾರದು, ನಮ್ಮನ್ನ ಕರೀಬೇಕು. ನೋವಿನ ಇಂಜೆಕ್ಷನ್ ಹಾಕಿಸಿದ ದನಾನೂ ಬಯಲಿಗೆ ಹಾಕಬಾರದು, ತಿಂದ ರಣಹದ್ದು ಸಾಯುತ್ತೆ. ಅಂಥವನ್ನ ಹೇಗೆ ಹೂಳಬೇಕು ಅಂತ ನಾವು ಹೇಳ್ತೀವಿ. ಇದನ್ನ ಸಾಯೋ ಹಿಂದಿನ ದಿನ ನಮ್ಮ ಡಾಕ್ಟರೇ ಬಂದು ನೋಡಿದ್ರಲ್ಲ. ಬರೀ ಮುಪ್ಪು, ಔಷಧಿ ಏನೂ ಕೊಟ್ಟಿಲ್ಲ. ನಡೀರಿ.”

ಪಕ್ಕದ ಮನೆಯ ಗಾಡಿಯವನನ್ನು ಕರೆದರು. “ಬರ್ತೀನಿ ಅಣ್ಣಾ,” ಎಂದ ಅವನು. “ಹಗ್ಗ ಹಿಡಿಯೋಕೆ ಎರಡು ಕೈ ಇದೆ. ಮೂಗು ಮುಚ್ಚೋಕೆ ಇನ್ನೊಂದು ಕೊಡು.”

ಬಾವಿ, ಹಳ್ಳಗಳಿಂದ ದೂರದ ಬಯಲಲ್ಲಿ ಗಂಟು ಬಿಚ್ಚಿದರು. ನಾದಿನಿ ಅವನ ಕೈಗೆ ಗ್ಲೌಸ್ ತೊಡಿಸಿ ನುಸಿಗುಳಿಗೆಗಳನ್ನು ಒಂದೂ ಬಿಡದೆ ಹೆಕ್ಕಿಸಿದಳು. “ಅದು ವಿಷ ಭಾವಾ, ಹಕ್ಕಿಗಳ ಹೊಟ್ಟೆಗೆ ಹೋಗಬಾರದು.” ಅವನು ಬಗ್ಗಿ, ಒಂದು ಕಣ್ಣಲ್ಲಿ ನೀರು ಸುರಿಸುತ್ತಾ, ಇನ್ನೊಂದು ಕಣ್ಣಲ್ಲಿ ಮರದ ಮೇಲಿನ ಕಾಗೆಗಳನ್ನು ದುರುಗುಟ್ಟುತ್ತಾ ಹೆಕ್ಕಿದ.

ಚಪ್ಪರ ತೊಳೆದು, ಲಾಡ್ಜಿನ ಹಾಸುಗಳನ್ನೆಲ್ಲ ಮತ್ತೆ ಒಗೆದು ಬಿಸಿಲಿಗೆ ಹಾಕಿದರು. ಸಂಜೆ ಮ್ಯಾನೇಜರು ಬಂದು ಮೂಸಿ ಮೂಸಿ ನೋಡಿ, ಗೊಣಗುತ್ತಲೇ ಗಂಟು ತೆಗೆದುಕೊಂಡು ಹೋದ. ಒಲೆ ಉಳಿಯಿತು.

ಬಹಳ ದಿನ ಲಾಂಡ್ರಿಯವನು ಬಯಲಿನ ಕಡೆ ತಲೆ ಹಾಕಲಿಲ್ಲ. ಒಂದು ಮಳೆಗಾಲ ಕಳೆದ ಮೇಲೆ ಹೆಂಡತಿಯೇ ಕರೆದುಕೊಂಡು ಹೋದಳು. ವಾಸನೆಯಿಲ್ಲ, ನೊಣವಿಲ್ಲ. ಎಲ್ಲೆಲ್ಲೂ ಕುರುಚಲು, ಅದೊಂದು ಜಾಗದಲ್ಲಿ ಮಾತ್ರ ಮೊಣಕಾಲೆತ್ತರದ ಹಸಿರು ಹುಲ್ಲು. ಹುಲ್ಲಿನ ನಡುವೆ ಪಕ್ಕೆಲುಬುಗಳು.

ಅವನು ಕುಕ್ಕರುಗಾಲಲ್ಲಿ ಕುಳಿತು, ಬಟ್ಟೆ ಪರೀಕ್ಷಿಸುವವನ ಹಾಗೆ ಕಣ್ಣು ಕಿರಿದು ಮಾಡಿ ನೋಡಿದ. ಒಂದು ಕಲೆಯಿಲ್ಲ.

“ಇಷ್ಟು ಬೆಳ್ಳಗೆ ನಾನು ಹುಟ್ಟಿದಾಗಿನಿಂದ ಒಂದು ಹಾಸೂ ಒಗೆದಿಲ್ಲ ಕಣೇ. ಅದೂ ಸೋಪಿಲ್ಲದೆ!”

“ನನ್ನ ಮೈದುನ ಸತ್ತ ಮೇಲಾದ್ರೂ ನಿಮಗೆ ಕೆಲಸ ಕಲಿಸಿದ.”

ಮನೆಗೆ ಬಂದರೆ ತಂತಿಗೆ ಹರವಿದ ಹಾಸಿನ ಮೇಲೆ ಕಾಗೆಯೊಂದು ಆಗಲೇ ತನ್ನ ಗುರುತು ಹಾಕಿ ಕುಳಿತಿತ್ತು. ಲಾಂಡ್ರಿಯವನು ಕೋಲೆತ್ತಿದ. ಹಾಗೇ ಇಳಿಸಿದ.

“ಹೋಗ್ಲಿ ಬಿಡು,” ಎಂದ. “ಅವನೂ ನಮ್ಮ ಕಸುಬಿನವನೇ.”

ಕೇಳಿದಿರಲ್ಲ? ನಾಳೆ ನಿಮ್ಮ ಮನೆಯ ಪ್ರಾಣಿ ಸತ್ತರೆ ಪ್ಲಾಸ್ಟಿಕ್ಕಿನಲ್ಲಿ ಕಟ್ಟಬೇಡಿ. ಕೆರೆಗೆ, ಹಳ್ಳಕ್ಕೆ ನೂಕಿ ಕೈತೊಳೆದುಕೊಳ್ಳಬೇಡಿ. ಆ ನೀರನ್ನು ಕುಡಿಯುವವರು ನೀವೇ. ನಾಯಿ ನರಿ ಸಾಯಲಿ ಎಂದು ಹೆಣಕ್ಕೆ ವಿಷ ಸವರುವ ಕೆಟ್ಟ ಬುದ್ಧಿಯಂತೂ ಬೇಡವೇ ಬೇಡ. ಮೊದಲು ದನದ ಆಸ್ಪತ್ರೆಗೆ ಹೋಗಿ ಕೇಳಿ. ಬಯಲಿಗೆ ಹಾಕಬಹುದು ಎಂದರೆ ಹಾಕಿ, ಹೂಳಿ ಎಂದರೆ ಅವರು ಹೇಳಿದ ಹಾಗೆ ಹೂಳಿ. ಆಮೇಲೆ ದೂರ ನಿಲ್ಲಿ. ಕೆಲಸ ಗೊತ್ತಿರುವವರು ತಾವಾಗಿಯೇ ಬರುತ್ತಾರೆ, ಕೂಲಿ ಕೇಳುವುದಿಲ್ಲ. ಕಲ್ಲು ಹೊಡೆಯದೆ ಬಿಟ್ಟರೆ ಸಾಕು.