ಹಳ್ಳಕ್ಕೆ ಇಳಿಬಿಟ್ಟ ಜೀವಗಳು

ರಬಕವಿಯ ಹೊರಗೆ, ನೂಲಿಗೆ ಬಣ್ಣ ಹಾಕುವ ಶೆಡ್ಡಿನ ಗಟಾರು ಹಳ್ಳ ಸೇರುವಲ್ಲಿ, ಬಾಳವ್ವನ ಬಾವಿ. ಆಕೆ ನಳದ ನೀರು ಮುಟ್ಟುವವಳಲ್ಲ. ಬಾವಿಯ ನೀರು ಸೇದಿ, ದಪ್ಪ ಬಟ್ಟೆಯಲ್ಲಿ ಸೋಸಿ ಕುಡಿಯುವುದು ಜೈನರ ಆ ಮನೆಯ ನೇಮ. ಸೋಸಿದ ಬಟ್ಟೆಯನ್ನು ತಿರುವಿ ತೊಳೆದು, ಅದರಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಮತ್ತೆ ಬಾವಿಗೇ ಇಳಿಸುತ್ತಿದ್ದಳು. ಯಾವ ನೀರಿನ ಜೀವವೋ ಅದೇ ನೀರಿಗೆ.

ಈ ವರ್ಷ ಆಕೆಯ ಹೊಟ್ಟೆಯಲ್ಲಿ ಅನ್ನ ನಿಲ್ಲದಾಯಿತು. ಮೊಮ್ಮಗಳು ಧನಶ್ರೀಗೆ ಹಳ್ಳದ ನೀರು ಬಸಿಯುವ ಆ ಬಾವಿಯ ಮೇಲೇ ಸಂಶಯ. ಶಾಲೆಯನ್ನು ಅರ್ಧಕ್ಕೆ ಬಿಟ್ಟ ಹುಡುಗಿ. ಮಾತು ಕಡಿಮೆ, ಕಣ್ಣು ಚುರುಕು.

“ಈ ನೀರು ಬ್ಯಾಡ ಆಯಿ.”

“ನಿಮ್ಮ ಮುತ್ಯಾ ಕುಡದ ನೀರು ಬೇ ಇದು. ಬಾಯಿ ಇಲ್ಲದಾಕಿಗೆ ಇದಕ್ಕ ಬಾಯಿ ಬಂತು ನೋಡು.”

ಆಗ ಜಮಖಂಡಿಯಿಂದ ಕಾಲೇಜಿನ ವರದಾ ಮೇಡಮ್ ಹಳ್ಳದ ನೀರು ಪರೀಕ್ಷಿಸಲು ಬಂದರು. ಗಟಾರಿನ ನೀರು ಮುಟ್ಟದ ಮೇಲಿನ ಮಡುವಿನಿಂದ ಬಸವನಹುಳ ಆರಿಸಿ, ಬಲೆಯ ಚೀಲಕ್ಕೆ ಹಾಕಿ, ಬಾವಿಯ ಮಗ್ಗುಲಿಗೆ ಹಳ್ಳದಲ್ಲಿ ಇಳಿಬಿಟ್ಟರು.

“ಸಮುದ್ರದ ದಂಡಿಗೆ ಹಡಗಿಗೆ ಬಳಿಯೂ ಬಣ್ಣದ ವಿಷ ಇಂಥಾ ಹುಳದಿಂದನ ತಿಳೀತರಿ. ಇಲ್ಲಿ ಇವು ಸತ್ತರ ಗಟಾರ ಮುಚ್ಚಸಾಕ ಪುರಾವೆ ಸಿಗ್ತದ. ಮುಂದಿನ ವಾರ ಬರತೇನಿ. ಚೀಲ ಇಲ್ಲೇ ಇರಬೇಕು.”

ಬಾಳವ್ವ ಹೂಂ ಅಂದಳು.

ವಾರದ ಮೇಲೆ ಚೀಲ ಎತ್ತಿದರೆ ಹುಳಗಳು ಕೊಂಬು ಚಾಚಿ ಹರಿದಾಡುತ್ತಿದ್ದವು. ಮೇಡಮ್‌ ಮುಖ ಸಣ್ಣದಾಯಿತು. ಶೆಡ್ಡಿನ ಮಾಲೀಕ ಬಾಗಿಲಲ್ಲೇ ನಿಂತು ನಕ್ಕ. “ಹುಳಕ್ಕ ಒಗ್ಗಿದ ನೀರು ಮುದುಕಿಗೆ ಒಗ್ಗಲಿಲ್ಲಂದ್ರ ನಾ ಏನ ಮಾಡ್ಲಿರಿ?”

ಧನಶ್ರೀಗೆ ಗೊತ್ತಿತ್ತು. ದಿನಾ ಮುಂಜಾನೆ ಶೆಡ್ಡಿನವರು ಬಣ್ಣದ ನೀರು ಬಿಡುವ ಮೊದಲು ಆಯಿ ಚೀಲ ಎತ್ತಿ ಮೇಲಿನ ಮಡುವಿಗೆ ಒಯ್ಯುತ್ತಿದ್ದಳು. ಕೆಂಪು ನೀರು ಹರಿದುಹೋದ ಮೇಲೆ ತಂದು, ಮಾತು ಕೊಟ್ಟ ಜಾಗದಲ್ಲೇ ಕಟ್ಟುತ್ತಿದ್ದಳು. ನೋಡಿಯೂ ಧನಶ್ರೀ ಸುಮ್ಮನಿದ್ದಳು. ಈಗ ಮೇಡಮ್ ಚಪ್ಪಲಿ ಹಾಕಿಕೊಳ್ಳುವುದನ್ನು ಕಂಡು ಎದುರಿಗೆ ಬಂದು ನಿಂತಳು.

“ಮೇಡಮ್‌ರಿ,” ಎಂದಳು, ಸೆರಗಿನ ತುದಿ ತಿರುವುತ್ತ. ಉಳಿದದ್ದನ್ನು ನೆಲಕ್ಕೆ ಹೇಳಿದಂತೆ ಹೇಳಿದಳು.

ಬಾಳವ್ವ ಅಲ್ಲಗಳೆಯಲಿಲ್ಲ. “ಕಟ್ಟಿಹಾಕಿ ಕೊಲ್ಲೂದನ್ನ ಯಾವ ಸಾಲ್ಯಾಗ ಕಲಸ್ತಾರ ಮೇಡಮ್ಮಾರ?”

“ನಿಮ್ಮ ಸಲುವಾಗೇ ಅಜ್ಜಿ.”

“ನನ್ನ ಸಲುವಾಗಿ ಒಂದು ಜೀವನೂ ಬ್ಯಾಡ.”

ಮೇಡಮ್ ಚೀಲವನ್ನು ಮತ್ತೆ ಇಳಿಬಿಟ್ಟು ಹೋದರು.

ಮರುದಿನ ಹೊತ್ತು ಮೂಡುವ ಮೊದಲೇ ಧನಶ್ರೀ ದಂಡೆಯಲ್ಲಿ ಕೂತು ಚೀಲದ ಹಗ್ಗವನ್ನು ಕೈಗೆ ಸುತ್ತಿಕೊಂಡಿದ್ದಳು.

“ಬಿಡು ಬೇ,” ಎಂದಳು ಬಾಳವ್ವ.

ಬಿಡಲಿಲ್ಲ. ಮುದುಕಿ ಎಳೆಯಲಿಲ್ಲ, ಪಕ್ಕದಲ್ಲೇ ಕುಕ್ಕರಿಸಿದಳು. ಕೆಂಪು ನೀರು ಬಂತು. ಹುಳಗಳು ಕೊಂಬು ಒಳಗೆಳೆದುಕೊಂಡು ಚಿಪ್ಪಿನ ಬಾಯಿಗೆ ಮುಚ್ಚಳ ಹಾಕಿಕೊಂಡವು. ಮರುದಿನವೂ ಇಬ್ಬರೂ ಹಾಗೆಯೇ ಕೂತರು. ಸಂಜೆಯ ಹೊತ್ತಿಗೆ ಮುಚ್ಚಳಗಳು ಸಡಿಲಾಗಿ, ಒಳಗಿನ ಮಾಂಸ ಜೋತುಬಿದ್ದಿತ್ತು. ಒಂದೂ ಅಲುಗಲಿಲ್ಲ.

ಪುರಾವೆ ಸಿಕ್ಕಿತ್ತು. ಹಗ್ಗ ಉಜ್ಜಿ ಧನಶ್ರೀಯ ಅಂಗೈ ಉರಿಯುತ್ತಿತ್ತು.

ಬಾಳವ್ವ ಎದ್ದು, ಬೆಳಗ್ಗೆ ಸೋಸಿದ ಬಟ್ಟೆಯನ್ನು ತಂಬಿಗೆಯಲ್ಲಿ ತಿರುವಿ ತೊಳೆದಳು. ಬಾವಿಯ ಕಟ್ಟೆಗೆ ಹೋಗಿ ತಂಬಿಗೆ ಬಾಗಿಸಿದವಳು ಅರ್ಧಕ್ಕೇ ನಿಂತಳು. ಹಳ್ಳದತ್ತ ನೋಡಿದಳು, ಬಾವಿಯೊಳಗೆ ಇಣುಕಿದಳು.

“ಧನು, ಈ ಜೀವಗಳನ್ನ ಎಲ್ಲಿ ಬಿಡ್ಲಿ?”

ಕತ್ತಲಾಗುವವರೆಗೂ ಮುದುಕಿ ತಂಬಿಗೆ ಹಿಡಿದು ಅಲ್ಲೇ ನಿಂತಿದ್ದಳು.