ಎಡಗಡೆ ಕಾವಲಿಗೆ ಹ್ಯಾಲಮ್‌ನ ಮಗ

ಹ್ಯಾಲಮ್‌ನ ಹೊಟ್ಟೆ ಉರಿಯುವುದನ್ನು ಕಣ್ಣಾರೆ ನೋಡಬೇಕೆಂದು ವರ್ಷಗಟ್ಟಲೆ ಕಾದವಳು ನಾನು. ಕಾರಣ ಇಲ್ಲದೆ ಅಲ್ಲ. ನನ್ನ ಮಗ ದಾಮ್ಯಾನ್‌ಗೆ ಆಗ ಹದಿನೈದು. ಹ್ಯಾಲಮ್ ಫುಟ್‌ಬಾಲ್ ಕ್ಲಬ್ಬಿನ ಕಿರಿಯರ ತಂಡದ ಕೋಚ್. ಆ ಶನಿವಾರ ಮೈದಾನದಲ್ಲಿ ಕ್ಲಬ್ಬಿನ ಖರ್ಚಿಗೆಂದು ಸಾಸೇಜ್ ಸುಟ್ಟು ಮಾರುವ ಪಾಳಿ ನಮ್ಮ ಮನೆಯದು. ಬೆಳಗಿನಿಂದ ಹೊಗೆ ಕುಡಿಯುತ್ತ ಒಲೆಯ ಮುಂದೆ ನಿಂತಿದ್ದೆ. ಹ್ಯಾಲಮ್ ಬಂದ, ಬ್ರೆಡ್ಡಿನಲ್ಲಿ ಸಾಸೇಜ್ ಇಡಿಸಿಕೊಂಡ, ಮೇಲೆ ಈರುಳ್ಳಿ ಹಾಕಿಸಿಕೊಂಡ, ಬಾಯಿ ತುಂಬಿಕೊಂಡೇ ಹೇಳಿದ:

“ಮುಂದಿನ ಸೀಸನ್‌ಗೆ ನಿಮ್ಮ ಹುಡುಗ ಬೇಡಮ್ಮ. ಗಾಳಿ ಬೀಸಿದ್ರೆ ಬಿದ್ದೋಗ್ತಾನೆ. ಇಲ್ಲೇ ಪಕ್ಕದಲ್ಲಿ ನಿಲ್ಲಿಸ್ಕೊಳ್ಳಿ, ಈರುಳ್ಳಿ ಹೆಚ್ಚಿಕೊಡ್ತಾನೆ.”

ಸಾಲಿನಲ್ಲಿದ್ದ ಅಪ್ಪ ಅಮ್ಮಂದಿರೆಲ್ಲ ಕಿಸಕ್ಕನೆ ನಕ್ಕರು. ದಾಮ್ಯಾನ್ ನನ್ನ ಹಿಂದೆಯೇ ನಿಂತಿದ್ದ. ಹ್ಯಾಲಮ್‌ನ ಮಗ ಕೀರನ್ ತಂಡದಲ್ಲೇ ಉಳಿದ, ಅವನೇನು ದೊಡ್ಡ ಆನೆ ಗಾತ್ರದವನಾಗಿರಲಿಲ್ಲ. ಕೈಯಲ್ಲಿದ್ದ ಇಕ್ಕಳದಿಂದ ಆ ಮನುಷ್ಯನ ಮೂಗು ಹಿಡಿದು ತಿರುಚದೆ ಬಿಟ್ಟೆನಲ್ಲ ಎಂದು ಇವತ್ತಿಗೂ ಕೈ ಕೈ ಹಿಸುಕಿಕೊಳ್ಳುತ್ತೇನೆ.

ಹುಡುಗ ಮರೆಯುತ್ತಿದ್ದನೇನೋ. ನಾನು ಮರೆಯಗೊಡಲಿಲ್ಲ. “ಏಳೋ, ಹ್ಯಾಲಮ್ ಇನ್ನೂ ಬದುಕಿದ್ದಾನೆ” ಎಂದೇ ಬೆಳಗ್ಗೆ ಎಬ್ಬಿಸುತ್ತಿದ್ದೆ. ನನ್ನ ತಮ್ಮ ಟೋಮೆ ಪೋರ್ಟ್ ಕೆಂಬ್ಲಾದ ಉಕ್ಕಿನ ಕಾರ್ಖಾನೆಯಿಂದ ಪಾಳಿ ಮುಗಿಸಿ ಬಂದವನೇ ಅವನನ್ನು ನಮ್ಮ ಮ್ಯಾಸಿಡೋನಿಯನ್ ಚರ್ಚಿನ ಹಿಂದಿನ ಬಯಲಿಗೆ ಎಳೆದೊಯ್ಯುತ್ತಿದ್ದ. ವಿಂಗರ್, ಅಂದರೆ ಅಂಚಿನಲ್ಲಿ ಓಡುವ ಆಟಗಾರ, ಮೈದಾನದ ಪಕ್ಕದ ಗೆರೆ ಬಿಟ್ಟು ಆಡಬಾರದು ಎಂದು ಹ್ಯಾಲಮ್ ಕಲಿಸಿದ್ದ. ಟೋಮೆ ಅದನ್ನು ಮರೆಸಿ, ಗೆರೆಯತ್ತ ಓಡುವಂತೆ ನಟಿಸಿ ಸರಕ್ಕನೆ ಒಳಗೆ ನುಗ್ಗುವುದನ್ನು ಕಲಿಸಿದ. ಹದಿನೆಂಟಕ್ಕೆ ಮೆಲ್ಬರ್ನಿನ ತಂಡವೊಂದು ದಾಮ್ಯಾನ್‌ನನ್ನು ಸಂಬಳ ಕೊಟ್ಟು ಕರೆದುಕೊಂಡಿತು. ಅಷ್ಟರಲ್ಲಿ ಹ್ಯಾಲಮ್ ಹಳೆಯ ಕ್ಲಬ್ಬಿನ ದೊಡ್ಡವರ ತಂಡಕ್ಕೇ ಕೋಚ್ ಆಗಿ ಕೂತಿದ್ದ. ಎಡಗಡೆಯ ಕಾವಲಿಗೆ ಯಾರು? ಅವನ ಮಗನೇ. ನನ್ನ ಮಗ ಓಡುವುದು ಬಲ ಅಂಚಿನಲ್ಲಿ. ಅಂದರೆ ಇಬ್ಬರೂ ಎದುರುಬದುರು.

ಮರುವರ್ಷ ಆ ಎರಡು ತಂಡಗಳ ಪಂದ್ಯಕ್ಕೆ ಮುಂಚೆ ದಾಮ್ಯಾನ್ ಫೋನ್ ಮಾಡಿದ.

“ಅಮ್ಮ, ಹಾಲೆಂಡಿನ ಕ್ಲಬ್ಬಿನವರೊಬ್ರು ನನ್ನ ನೋಡೋಕೆ ಬರ್ತಿದ್ದಾರೆ. ಇದೊಂದೇ ಮ್ಯಾಚು, ಆಮೇಲೆ ವಾಪಸ್ ಹೋಗ್ತಾರೆ. ಗೋಲ್ ಹೊಡೆಯೋ ವಿಂಗರ್ ಬೇಕಂತೆ.”

“ಹೊಡಿ ಮತ್ತೆ. ಹ್ಯಾಲಮ್ ಕಣ್ಣೆದುರಿಗೇ ಹೊಡಿ.”

ಅವನು ನಕ್ಕ. “ಅದಕ್ಕೇ ಕಾಯ್ತಿದೀನಿ.”

ನಾನು ತಿನ್ನಲು ಚೀಸ್ ತುಂಬಿ ಬೇಯಿಸಿದ ಬುರೆಕ್ ಕಟ್ಟಿಕೊಂಡು ಟೋಮೆಯ ಜೊತೆ ಹೋದೆ. ನಮಗಿಂತ ಎರಡು ಸಾಲು ಕೆಳಗೆ ಬೂದು ಕೋಟಿನವನೊಬ್ಬ ಒಂಟಿಯಾಗಿ ಕೂತಿದ್ದ. ಹಾಲೆಂಡಿನವನು ಅವನೇ ಎಂದು ಟೋಮೆ ವಿಚಾರಿಸಿಕೊಂಡು ಬಂದ.

ಆಟ ಶುರುವಾಯಿತು. ಹ್ಯಾಲಮ್ ಗಂಟಲು ಹರಿಯುವಂತೆ ಕೂಗುತ್ತಿದ್ದ: “ಒಳಗಡೆ ಜಾಗ ಬಿಡೋಕೆ ಹೆದರಬೇಡ, ಕೀರನ್! ಗೆರೆ ಕಾಯಿ! ಅವನು ಗೆರೆ ಬಿಟ್ಟು ಬರೋನಲ್ಲ, ನಾನೇ ಕಲಿಸಿದ್ದು!”

ಕೀರನ್ ಅಪ್ಪನ ಮಾತು ಕೇಳಿ ಗೆರೆ ಕಾದ. ನನ್ನ ಮಗ ಒಳಗೆ ನುಗ್ಗಿದ. ಮತ್ತೆ ಗೆರೆ ಕಾದ, ಮತ್ತೆ ನುಗ್ಗಿದ. ಕೀರನ್ ಒಮ್ಮೆ ಕಾಲು ತೊಡರಿ ಕುಕ್ಕರಿಸಿದಾಗ ನಾನು ಎದ್ದು ನಿಂತು ಕೂಗಿದೆ: “ಏಯ್ ಕೀರನ್, ಗಾಳಿ ಜೋರಾಗಿದ್ಯೇನಪ್ಪಾ?” ಎಂಥ ಖುಷಿ ಅಂತೀರಿ, ಹಬ್ಬದ ಊಟ ಉಂಡಷ್ಟು. ಕೊನೆಗೆ ಬೇರೆ ದಾರಿ ಕಾಣದೆ ಕೀರನ್ ಅವನ ಅಂಗಿ ಹಿಡಿದೆಳೆದ. ಹಳದಿ ಕಾರ್ಡ್ ಬಿತ್ತು. ಇನ್ನೊಂದು ಬಿದ್ದರೆ ಆಟದಿಂದಲೇ ಹೊರಗೆ.

ಟೋಮೆ ನನ್ನ ತೊಡೆಗೆ ಹೊಡೆದ. “ಅಕ್ಕಾ, ಮಜಾ ಗೊತ್ತಾ? ಆಟ ನಿಲ್ಸಿ ಹೊಸಬರನ್ನ ಇಳಿಸೋಕೆ ಮೂರೇ ಸಲ ಅವಕಾಶ. ಹ್ಯಾಲಮ್ ಅಷ್ಟನ್ನೂ ಮುಗಿಸ್ಕೊಂಡ. ಇನ್ನು ಮಗನನ್ನ ಹೊರಗೆ ಕರ್ಕೊಳ್ಳೋಕೂ ಆಗಲ್ಲ.”

“ಅನುಭವಿಸ್ಲಿ,” ಎಂದೆ.

ಇನ್ನೇನು ಆಟ ಮುಗಿಯಬೇಕು, ಎರಡೂ ಕಡೆ ಗೋಲಿಲ್ಲ. ಆಗ ದಾಮ್ಯಾನ್‌ಗೆ ಚೆಂಡು ಸಿಕ್ಕಿತು. ಕೀರನ್‌ನನ್ನು ದಾಟಿದ. ಗೋಲ್‌ಕೀಪರ್ ಪೆನಾಲ್ಟಿ ಚೌಕ ಬಿಟ್ಟು ಹೊರಗೆ ಓಡಿಬಂದು ಜಾರಿ ಬಿದ್ದ, ಅವನನ್ನೂ ದಾಟಿದ. ಎದುರಿಗೆ ಗೋಲು ಬಾಗಿಲು ತೆರೆದ ಮನೆಯ ಹಾಗೆ ಖಾಲಿ. ಬೂದು ಕೋಟಿನವನು ಎದ್ದು ನಿಂತ. ನನಗೆ ಆ ಗಳಿಗೆಯಲ್ಲಿ ಹ್ಯಾಲಮ್ ಇರಲಿಲ್ಲ, ಕೀರನ್ ಇರಲಿಲ್ಲ. ಮಗ, ಚೆಂಡು, ಹಾಲೆಂಡು, ಅಷ್ಟೇ.

“ಹೊಡಿಯೋ ಮಗನೇ! ಹೊಡಿ!”

ದಾಮ್ಯಾನ್ ಚೆಂಡಿನ ಮೇಲೆ ಕಾಲಿಟ್ಟು ನಿಂತ. ಗೋಲಿಗೆ ಬೆನ್ನು ತಿರುಗಿಸಿದ. ಹಿಂದೆ ಏದುಸಿರು ಬಿಡುತ್ತ ಬರುತ್ತಿದ್ದ ಕೀರನ್‌ನನ್ನು ಬೆರಳಲ್ಲಿ ಕರೆದ: ಬಾ, ಬಾ.

ಕೀರನ್ ರೋಷದಿಂದ ಕಣ್ಣು ಕಾಣದವನಂತೆ ನುಗ್ಗಿ ಬಂದ. ದಾಮ್ಯಾನ್ ಚೆಂಡನ್ನು ತುಸು ಪಕ್ಕಕ್ಕೆ ಸರಿಸಿದ. ಕೀರನ್‌ನ ಒದೆ ನನ್ನ ಮಗನ ಕಾಲಿಗೆ ಬಿತ್ತು. ಇಬ್ಬರೂ ಉರುಳಿದರು. ಎರಡನೆಯ ಹಳದಿ, ಅದರ ಹಿಂದೆಯೇ ಕೆಂಪು. ಸಿಕ್ಕ ಫ್ರೀ ಕಿಕ್ ಗೋಡೆ ಕಟ್ಟಿ ನಿಂತವರಿಗೆ ತಗುಲಿ ಎಲ್ಲೋ ಹೋಯಿತು.

ಮೈದಾನವೆಲ್ಲ ಹೋ ಎಂದಿತು. ಅಳುತ್ತ ಬಂದ ಮಗನಿಗೆ ಹ್ಯಾಲಮ್ ಕೈ ಕೂಡ ಕೊಡದೆ ಬೆನ್ನು ತಿರುಗಿಸಿದನಂತೆ. ಟೋಮೆ ಹೇಳಿದ್ದು. ನಾನು ಬೂದು ಕೋಟಿನವನನ್ನು ನೋಡುತ್ತಿದ್ದೆ. ಅವನು ಗುಂಡಿ ಹಾಕಿಕೊಂಡು ಮೆಟ್ಟಿಲಿಳಿಯುತ್ತಿದ್ದ. ಓಡಿಹೋಗಿ ಅಡ್ಡ ನಿಂತೆ.

“ಇನ್ನೂ ಆಟ ಇದೆ ಸಾರ್. ಅವನು ನನ್ನ ಮಗ.”

“ಕಾಲು ಚಿನ್ನದಂಥದು ತಾಯಿ,” ಎಂದ, ಮರ್ಯಾದೆಯಿಂದಲೇ. “ಆದ್ರೆ ನಮಗೆ ಗೋಲಿನ ಕಡೆ ಮುಖ ಮಾಡಿ ಆಡೋನು ಬೇಕು.”

ಆಟ ಮುಗಿದ ಮೇಲೆ ದಾಮ್ಯಾನ್ ಕುಂಟುತ್ತ ಬೇಲಿಯ ಹತ್ತಿರ ಬಂದ. ಮೈಯೆಲ್ಲ ಕೆಸರು, ಮುಖ ಮಾತ್ರ ಹೊಳೆಯುತ್ತಿತ್ತು.

“ಅಮ್ಮಾ, ಹ್ಯಾಲಮ್ ಮುಖ ನೋಡಿದ್ಯಾ?”

“ಹಾಲೆಂಡಿನವರು ಹೊರಟುಹೋದ್ರು ಕಣೋ.”

“ಹೋದ್ರೆ ಹೋಗ್ಲಿ ಬಿಡು. ಅವನ ಮುಖ ನೋಡಿದ್ಯಾ ಅಂತ ಕೇಳ್ದೆ.”

ಹತ್ತೊಂಬತ್ತು ವರ್ಷದ ಹುಡುಗನ ಕಣ್ಣಲ್ಲಿ ನನ್ನದೇ ಉರಿ.

“ನೋಡ್ದೆ,” ಎಂದು ಸುಳ್ಳು ಹೇಳಿದೆ.

“ಮತ್ತೆ ಯಾಕಮ್ಮ ನಗ್ತಿಲ್ಲ?”